ಆಲೂಗಡ್ಡೆ ಕಣ್ಣು ಬಿಟ್ಟಿದ್ದು

"ಇಗಾ, ಮೂಲೆ ಗಿಡದ ಕಾಯಿ ಕೀಳ್‌ಬ್ಯಾಡ. ನಾನೇ ಬಂದು ನೋಡ್ತೀನಿ."

ದ್ಯಾವೀರಮ್ಮ ತನ್ನ ಗಂಡ ಮುದ್ದಯ್ಯನಿಗೆ ಹೇಳಿದ ಕೊನೆಯ ಮಾತು ಅದು.

ಹೇಳಿದಳು. ಕೈ ತೊಳೆದಳು. ಗುಡಿಸಲ ನೆರಳಿಗೆ ಹೋಗಿ ಒರಗಿದಳು. ಮತ್ತೆ ಏಳಲಿಲ್ಲ.

ಇದು ಬಹಳ ಹಿಂದಿನದು ಮಕ್ಕಳೇ. ಭೂಮಿ ಆಗಷ್ಟೇ ಒಲೆಯಿಂದ ಇಳಿಸಿದ ಮುದ್ದೆಯ ಹಾಗೆ ಬೆಚ್ಚಗಿತ್ತು. ಬೆಟ್ಟಗಳಿಗೆ ಎಲ್ಲಿ ಕೂರಬೇಕು ಅಂತ ಗೊತ್ತಿರಲಿಲ್ಲ. ಇವತ್ತು ಇಲ್ಲಿ ಕೂತರೆ ನಾಳೆ ಅಲ್ಲಿ. ಹೊಳೆ ಮಾತಾಡುತ್ತಿತ್ತು. ಗಾಳಿ ಮಾತಾಡುತ್ತಿತ್ತು. ಕಾಗೆಯಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಆಗ ಸಾವೂ ಹೊಸದು. ಅದು ಯಾಕೆ ಬರುತ್ತದೆ, ಬಂದರೆ ಎಷ್ಟು ದಿನ ಇರುತ್ತದೆ, ಯಾವತ್ತು ಎದ್ದು ಹೋಗುತ್ತದೆ, ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಮುದ್ದಯ್ಯನದು ಸಣ್ಣ ಹೊಲ. ಆ ತುದಿಯಲ್ಲಿ ಕೆಮ್ಮಿದರೆ ಈ ತುದಿಗೆ ಕೇಳುತ್ತಿತ್ತು. ಅದರಲ್ಲಿ ಅಗೆಯುವುದು, ಮಣ್ಣು ಏರಿಸುವುದು, ನೀರು ಕಟ್ಟುವುದು ಅವನ ಕೆಲಸ. ಬೀಜ ಅವಳ ಕೆಲಸ. ಅವನು ಬೀಜ ಮುಟ್ಟುತ್ತಿರಲಿಲ್ಲ. ಅವಳು ಗುದ್ದಲಿ ಮುಟ್ಟುತ್ತಿರಲಿಲ್ಲ.

ಅವಳು ಬೆಳೆಯುತ್ತಿದ್ದದ್ದು ಒಂದೇ ಜಾತಿ ಗಿಡ. ಈಗ ನಾವು ಟೊಮೇಟೊ ಅನ್ನುತ್ತೀವಲ್ಲ, ಅದು. ಜಾತಿ ಒಂದೇ ಆದರೂ ಹಣ್ಣು ನೂರು ಥರ. ಮೈಮೇಲೆ ಗೆರೆ ಇದ್ದದ್ದಕ್ಕೆ ಹುಲಿಮರಿ ಅಂತ ಹೆಸರಿಟ್ಟಿದ್ದಳು. ಕಪ್ಪಗಿದ್ದದ್ದು ಕಾಡಿಗೆ. ಹಳದಿಯದು ಅರಿಶಿನಗುಂಡು. ಒಂದು ಹಣ್ಣು ಕೈತುಂಬ ಬರುತ್ತಿತ್ತು, ಮಡಿಕೆ ಮಡಿಕೆಯಾಗಿ. ಅದರ ಹೆಸರು ಅಜ್ಜಿಗಲ್ಲ.

ಗಿಡದಲ್ಲಿ ಯಾವುದು ಚೆಂದದ ಹಣ್ಣೋ ಅದನ್ನು ಅವಳು ತಿನ್ನಲು ಬಿಡುತ್ತಿರಲಿಲ್ಲ. ಕಿತ್ತು, ಹಿಂಡಿ, ಕುಡಿಕೆಯ ನೀರಿಗೆ ಹಾಕುತ್ತಿದ್ದಳು. ಮೂರು ದಿನ ಹುಳಿ ಬರಿಸಿ, ಲೋಳೆ ತೊಳೆದು, ಬೀಜವನ್ನು ಎಲೆ ಮೇಲೆ ಒಣಗಿಸುತ್ತಿದ್ದಳು. ಆಮೇಲೆ ಬೂದಿಯಲ್ಲಿ ಹೊರಳಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಗುಡಿಸಲ ಜಂತೆಗೆ ನೇತು ಹಾಕುವುದು.

"ಒಳ್ಳೇದನ್ನೆಲ್ಲ ಕೊಳೆಸ್ತೀಯ. ಕೊಳೆತದ್ದನ್ನೆಲ್ಲ ನಂಗಿಕ್ತೀಯ," ಅನ್ನುತ್ತಿದ್ದ ಮುದ್ದಯ್ಯ.

"ತಿಂದ್ರೆ ಇವತ್ತಿಗೆ. ಇಟ್ರೆ ವರ್ಷಕ್ಕೆ," ಅನ್ನುತ್ತಿದ್ದಳು ಅವಳು.

ಸುತ್ತಲ ಹಟ್ಟಿಯ ಹೆಂಗಸರು ಅವರೆ ತಂದು ಕೊಟ್ಟು, ಹುರುಳಿ ತಂದು ಕೊಟ್ಟು, ಅವಳ ಬೀಜ ಒಯ್ಯುತ್ತಿದ್ದರು.

ಆ ವರ್ಷ ಹೊಲದ ಮೂಲೆಯಲ್ಲಿ, ತಿಪ್ಪೆಯ ಪಕ್ಕ, ಒಂದು ಗಿಡ ತಾನಾಗಿಯೇ ಹುಟ್ಟಿತು. ಯಾರೂ ಬಿತ್ತಿದ್ದಲ್ಲ. ಎಲೆ ಅದೇ ಎಲೆ. ಕಾಂಡ ಅದೇ ಕಾಂಡ. ಹೂ ಮಾತ್ರ ಬೇರೆ. ಮಿಕ್ಕ ಗಿಡಗಳಿಗೆಲ್ಲ ಹಳದಿ ಹೂ. ಇದಕ್ಕೆ ಬಿಳಿ ಹೂ, ಅಂಚಿಗೆ ನೇರಳೆ.

ದ್ಯಾವೀರಮ್ಮ ಬೆಳಿಗ್ಗೆ ಎದ್ದರೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂರುವಳು.

"ಇದರ ಹಣ್ಣು ಯಾವ ಬಣ್ಣ ಇರ್ಬೋದು?"

"ಕೆಂಪು," ಅಂದ ಮುದ್ದಯ್ಯ.

"ನಿಂಗೆ ಎಲ್ಲಾನೂ ಕೆಂಪೇ."

"ಇಲ್ದಿದ್ರೆ ಹಸಿರು."

"ಹಸಿರು ಅಂದ್ರೆ ಬಣ್ಣ ಅಲ್ಲ. ಹಸಿರು ಅಂದ್ರೆ ಇನ್ನೂ ಆಗಿಲ್ಲ ಅಂತ. ನೀನು ಹೋಗಿ ಅಗಿ, ಹೋಗು."

ಗೋಲಿಯಷ್ಟು ನಾಲ್ಕು ಕಾಯಿ ಬಿಟ್ಟಿತ್ತು ಆ ಗಿಡ. ಅವು ಬಣ್ಣಕ್ಕೆ ತಿರುಗುವ ಮೊದಲೇ ಅವಳು ಒರಗಿದ್ದು.

ಮುದ್ದಯ್ಯ ಅವಳು ಮಲಗಿದಾಳೆ ಅಂದುಕೊಂಡ. "ಏ ದ್ಯಾವೀ, ಮುದ್ದೆ ಆರ್ತಾ ಐತೆ," ಅಂದ. ಅವಳು ಏಳಲಿಲ್ಲ. ಮುದ್ದೆ ಆರಿತು.

ಪಕ್ಕದ ಹೊಲದ ಸಾಕಮ್ಮ ಬಂದಳು. ಅವಳೂ ದ್ಯಾವೀರಮ್ಮನೂ ಒಂದೇ ಒರಳಲ್ಲಿ ಕುಟ್ಟಿದವರು. ನೋಡಿದಳು. ನೆಲಕ್ಕೆ ಕೂತುಬಿಟ್ಟಳು.

"ಮುದ್ದಣ್ಣ, ಹೊರಟೋದಳಲ್ಲೋ."

"ಎಲ್ಲಿಗೆ? ಇಲ್ಲೇ ಇದಾಳೆ," ಅಂದ ಮುದ್ದಯ್ಯ.

ಹಟ್ಟಿಯವರು ಬಂದರು. ಹೊಲದ ಮೇಲ್ಗಡೆ ಹೊಂಗೆಮರದ ಹತ್ತಿರ ಗುಂಡಿ ತೋಡಿದರು. ದ್ಯಾವೀರಮ್ಮನನ್ನು ಮಣ್ಣಿಗಿಟ್ಟರು. ಮೇಲೆ ಮಣ್ಣು ಎಳೆದರು.

ಮುದ್ದಯ್ಯ ನೋಡುತ್ತಾ ನಿಂತಿದ್ದ. ಅವನಿಗೆ ಏನೂ ಅರ್ಥವಾಗಲಿಲ್ಲ. ಆದರೆ ಮಣ್ಣಿಗೆ ಇಡುವುದು ಅವನಿಗೆ ಗೊತ್ತಿತ್ತು. ಜನ್ಮವೆಲ್ಲ ಅದನ್ನೇ ನೋಡಿದವನು. ರಾಗಿ ಮಣ್ಣಿಗಿಟ್ಟರೆ ನಾಲ್ಕು ದಿನಕ್ಕೆ ಬರುತ್ತದೆ. ಅವರೆ ಇಟ್ಟರೆ ಆರು ದಿನಕ್ಕೆ. ಹರಳು ಸೋಮಾರಿ, ಅದಕ್ಕೆ ಹತ್ತು ದಿನ ಬೇಕು.

ಮಣ್ಣಿಗಿಟ್ಟದ್ದು ಮೇಲೆ ಬರುತ್ತದೆ. ಅಷ್ಟು ಅವನಿಗೆ ಗೊತ್ತಿತ್ತು.

"ಸಾಕವ್ವ," ಅಂದ. "ಎಷ್ಟು ದಿನಕ್ಕೆ?"

"ಏನು ಎಷ್ಟು ದಿನಕ್ಕೆ?"

"ಬರೋಕೆ."

ಸಾಕಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು.

ಮೂರನೇ ದಿನ ಹಾಲು ತುಪ್ಪ ಬಿಡಬೇಕು ಅಂದರು. ಹಟ್ಟಿಯವರು ಬಂದು ಆ ಮಣ್ಣಿನ ಮೇಲೆ ಹಾಲು ಬಿಟ್ಟರು, ತುಪ್ಪ ಬಿಟ್ಟರು. ಮುದ್ದಯ್ಯ ಅದನ್ನು ನೋಡಿದ. ಇವರೂ ನೀರು ಹಾಕ್ತಾ ಇದಾರೆ ಅಂದುಕೊಂಡ. ಹಂಗಾದ್ರೆ ನಾನು ಅಂದುಕೊಂಡದ್ದು ಸರಿ ಅಂದುಕೊಂಡ.

ನಾಲ್ಕನೇ ದಿನದಿಂದ ತಾನೇ ನೀರು ಹಾಕತೊಡಗಿದ. ಕೋಳಿ ಕೆದಕದಿರಲಿ ಅಂತ ಸುತ್ತ ಮುಳ್ಳು ಇಟ್ಟ. ಬೆಳಿಗ್ಗೆ ಎದ್ದು ಮೊದಲು ಅಲ್ಲಿ ಬಗ್ಗಿ ನೋಡುವುದು. ಆಮೇಲೆ ಮುಖ ತೊಳೆಯುವುದು.

ರಾಗಿಯ ದಿನ ಹೋಯಿತು. ಅವರೆಯ ದಿನ ಹೋಯಿತು. ಹರಳಿನ ದಿನವೂ ಹೋಯಿತು.

"ಅದು ಬೀಜ ಅಲ್ಲ ಕಣಣ್ಣ," ಅಂದಳು ಸಾಕಮ್ಮ.

"ಮತ್ತೆ ಹೂತಿದ್ದು ಯಾಕೆ?"

ಸಾಕಮ್ಮ ಯೋಚಿಸಿದಳು. ಅವಳಿಗೂ ಗೊತ್ತಿರಲಿಲ್ಲ. ಸಾವು ಹೊಸದಲ್ಲವಾ.

ಮುದ್ದಯ್ಯ ಗಾಳಿಯನ್ನು ಕೇಳಿದ. "ಗಾಳಿಯಪ್ಪ, ನೀನು ಎಲ್ಲ ಕಡೆ ಹೋಗ್ತೀಯ. ಅವಳನ್ನ ಕಂಡೆಯಾ?"

"ನಾನು ನೆಲದ ಮೇಲೆ ಹೋಗೋನು," ಅಂದಿತು ಗಾಳಿ. "ನೆಲದ ಕೆಳಗೆ ನಂದಲ್ಲ."

ಮುದ್ದಯ್ಯ ಹೊಳೆಯನ್ನು ಕೇಳಿದ. "ಹೊಳೆಯವ್ವ, ನೀನು ನೆಲದ ಕೆಳಗೂ ಹೋಗ್ತೀಯಂತೆ. ಅವಳನ್ನ ಕಂಡೆಯಾ?"

"ಹೋಗ್ತೀನಿ," ಅಂದಿತು ಹೊಳೆ. "ಆದ್ರೆ ನಿಲ್ಲೋದಿಲ್ಲ ಮಗ. ಕಂಡಿದ್ರೂ ಕಂಡಿರ್ತೀನಿ. ಅಷ್ಟು ಹೊತ್ತಿಗೆ ಮುಂದೆ ಹೋಗಿರ್ತೀನಿ."

ಮುದ್ದಯ್ಯ ಕಾಗೆಯನ್ನು ಕೇಳಿದ.

"ಒಂದು ತುತ್ತು ಇಡು, ಹೇಳ್ತೀನಿ," ಅಂದಿತು ಕಾಗೆ.

ಇಟ್ಟ. ಕಾಗೆ ತಿಂದಿತು. ಕೊಕ್ಕು ಒರೆಸಿಕೊಂಡಿತು. "ಗೊತ್ತಿಲ್ಲ," ಅಂದಿತು.

"ಮತ್ತೆ ತಿಂದೆಯಲ್ಲ!"

"ಹಸಿವಾಗಿತ್ತು. ನಾಳೆ ಕೇಳು. ನಾಳೆ ಗೊತ್ತಾದ್ರೂ ಆಗಬೋದು."

ಮುದ್ದಯ್ಯ ಮಾರನೇ ದಿನವೂ ತುತ್ತು ಇಟ್ಟ. ಅದರ ಮಾರನೇ ದಿನವೂ ಇಟ್ಟ. ಕಾಗೆ ದಪ್ಪಗಾಯಿತು. ಮುದ್ದಯ್ಯನಿಗೆ ಮಾತ್ರ ಏನೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಹೊಲದ ಹಣ್ಣೆಲ್ಲ ಮಾಗಿದವು. ಹುಲಿಮರಿ ಉದುರಿದವು. ಕಾಡಿಗೆ ಒಡೆದವು. ಅಜ್ಜಿಗಲ್ಲದ ಮೇಲೆ ಇರುವೆ ಹತ್ತಿತು.

ಸಾಕಮ್ಮ ಬುಟ್ಟಿ ಹಿಡಿದು ಬಂದಳು. "ಮುದ್ದಣ್ಣ, ಹಣ್ಣು ಮಣ್ಣುಪಾಲಾಗ್ತಾ ಅವೆ. ನಾವು ಕಿತ್ತು ಬೀಜ ಮಾಡ್ಕೋತೀವಿ. ಅವಳು ಮಾಡೋದನ್ನ ನಾನು ನೋಡಿದೀನಿ. ಮೂರು ದಿನ ಹುಳಿ ಬರಿಸೋದು ತಾನೆ?"

"ಕಿತ್ಕೊ," ಅಂದ ಮುದ್ದಯ್ಯ. "ಮೂಲೆದು ಮುಟ್ಟಬ್ಯಾಡ."

ಹೆಂಗಸರೆಲ್ಲ ಬಂದು ಕಿತ್ತರು. ಹಟ್ಟಿ ಹಟ್ಟಿಗೂ ಹುಲಿಮರಿ ಹೋಯಿತು. ಮನೆ ಮನೆಗೂ ಕಾಡಿಗೆ ಹೋಯಿತು. ಸಾಕಮ್ಮ ಹೋಗದೆ ಮೂಲೆ ಗಿಡದ ಹತ್ತಿರ ನಿಂತಳು.

"ಇದು ಒಂದೇ ಗಿಡ ಕಣಣ್ಣ. ಇಂಥದ್ದು ಬೇರೆ ಎಲ್ಲೂ ಇಲ್ಲ. ಬೀಜ ತೆಗೀದಿದ್ರೆ ಇದರ ಕುಲವೇ ಹೋಗ್ತದೆ. ಅವಳು ಕೊನೇಲಿ ಸಾಕಿದ್ದು ಇದನ್ನೇ."

"ಕೀಳ್‌ಬ್ಯಾಡ ಅಂದಿದಾಳೆ."

"ಅಂದವಳು ಇಲ್ಲವಲ್ಲೋ."

"ಬಂದು ನೋಡ್ತೀನಿ ಅಂದಿದಾಳೆ," ಅಂದ ಮುದ್ದಯ್ಯ.

ಸಾಕಮ್ಮ ಬುಟ್ಟಿ ಎತ್ತಿಕೊಂಡು ಹೋದಳು.

ಮುದ್ದಯ್ಯನ ತಲೆ ಗಿರ್ರ್ ಅಂದಿತು. ಕಿತ್ತರೆ ಅವಳ ಮಾತು ಹೋಗುತ್ತದೆ. ಕೀಳದಿದ್ದರೆ ಅವಳ ಗಿಡ ಹೋಗುತ್ತದೆ. ಎರಡೂ ಅವಳದೇ. ಯಾವುದನ್ನು ಉಳಿಸುವುದು? ಕೇಳೋಣ ಅಂದರೆ ಅವಳಿಲ್ಲ.

ಇನ್ನೂ ಒಂದು ವಿಚಿತ್ರ ಇತ್ತು. ಅಷ್ಟು ದಿನವಾದರೂ ಮೂಲೆ ಗಿಡದ ಕಾಯಿ ಹಸಿರಾಗಿಯೇ ಇತ್ತು. ಕೆಂಪಾಗಲಿಲ್ಲ. ಹಳದಿಯಾಗಲಿಲ್ಲ. ಮುದ್ದಯ್ಯ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತ.

"ನೀನ್ಯಾಕೆ ಹಣ್ಣಾಗಲ್ಲ?"

"ನೀನ್ಯಾಕೆ ಕೀಳಲ್ಲ?" ಅಂದಿತು ಗಿಡ.

"ಅವಳು ಹೇಳಿದಾಳೆ."

"ನಂಗೂ ಕೇಳಿಸ್ತು. ಅವಳು ನೋಡೋ ತನಕ ನಾನು ಬಣ್ಣ ಬಿಡೋದಿಲ್ಲ."

ಬಿಸಿಲು ಏರಿತು.

"ಅವಳು ಯಾವ ಕಡೆಯಿಂದ ಬರ್ತಾಳೆ?" ಕೇಳಿತು ಗಿಡ.

ಮುದ್ದಯ್ಯ ಹೊಂಗೆಮರದ ಕಡೆ ಕೈ ತೋರಿಸಿದ. "ಅಲ್ಲಿ ಇಟ್ಟಿದೀವಿ. ಮಣ್ಣೊಳಗೆ."

"ಮಣ್ಣೊಳಗಾ?"

ಗಿಡ ಯೋಚನೆ ಮಾಡಿತು. ಎಲೆ ಒಂದೂ ಅಲ್ಲಾಡಲಿಲ್ಲ.

"ಮುದ್ದಯ್ಯ, ನನ್ನ ಬುಡಕ್ಕೆ ಸ್ವಲ್ಪ ಮಣ್ಣು ಏರಿಸು."

"ಯಾಕೆ?"

"ಏರಿಸು. ಅಷ್ಟು ಬರ್ತದಲ್ಲ ನಿಂಗೆ?"

ಬರುತ್ತಿತ್ತು. ಅವನಿಗೆ ಬರುತ್ತಿದ್ದದ್ದು ಅದೊಂದೇ. ಮುದ್ದಯ್ಯ ಗುದ್ದಲಿ ತಂದು ಗಿಡದ ಬುಡಕ್ಕೆ ಮಣ್ಣು ಏರಿಸಿದ. ಯಾಕೆ ಅಂತ ಅರ್ಥವಾಗಲಿಲ್ಲ. ಹದಿನೈದು ದಿನ ಕಳೆದ ಮೇಲೆ "ಇನ್ನೂ ಸ್ವಲ್ಪ" ಅಂದಿತು ಗಿಡ. ಇನ್ನೂ ಸ್ವಲ್ಪ ಏರಿಸಿದ.

ಒಂದು ಹುಣ್ಣಿಮೆ ಹೋಯಿತು. ಇನ್ನೊಂದು ಹುಣ್ಣಿಮೆ ಹೋಯಿತು.

ಆಮೇಲೆ ಗಿಡ ಸೊರಗತೊಡಗಿತು. ತುದಿ ಎಲೆ ಹಳದಿಯಾಯಿತು. ಬುಡದ ಎಲೆ ಒಣಗಿತು. ಮುದ್ದಯ್ಯ ನೀರು ಹಾಕಿದ. ಗೊಬ್ಬರ ಹಾಕಿದ. ಬಿಸಿಲಿಗೆ ಅಡ್ಡ ಸೋಗೆ ಕಟ್ಟಿದ. ಗಿಡ ಕೇಳಲಿಲ್ಲ. ಮಾತು ಕೂಡ ನಿಲ್ಲಿಸಿತು. ಒಂದು ದಿನ ಅಡ್ಡ ಬಿದ್ದು ಮಲಗಿತು. ಮುದ್ದಯ್ಯ ಬಗ್ಗಿ ನೋಡಿದ. ಕರೆದ. ಅದು ಏಳಲಿಲ್ಲ.

ನಾಲ್ಕು ಕಾಯಿಯೂ ನೆಲಕ್ಕೆ ಬಿದ್ದಿದ್ದವು. ಹಸಿರಾಗಿಯೇ ಇದ್ದವು.

ಸಾಕಮ್ಮ ಓಡಿ ಬಂದಳು. ಒಂದು ಕಾಯಿ ಕಚ್ಚಿ ನೋಡಿದಳು. "ಥೂ! ಥೂ!" ಅಂತ ಉಗಿದಳು. ಬಾಯೆಲ್ಲ ಕಹಿ. ಹೊಟ್ಟೆ ಹಿಂಡಿ ಎರಡು ದಿನ ಮಲಗಿಬಿಟ್ಟಳು.

ನೋಡಿದ್ದೀರಾ ಮಕ್ಕಳೇ, ಈಗಲೂ ಆಲೂಗಡ್ಡೆ ಗಿಡದ ಮೇಲೆ ಸಣ್ಣ ಹಸಿರು ಕಾಯಿ ಬಿಡುತ್ತದೆ. ಥೇಟ್ ಟೊಮೇಟೊ ಪಿಂದೆ. ಅದು ಕೆಂಪಾಗುವುದೇ ಇಲ್ಲ. ಅದನ್ನು ತಿನ್ನಬಾರದು, ವಿಷ. ಅದು ಇನ್ನೂ ಅವಳಿಗಾಗಿ ಇಟ್ಟುಕೊಂಡಿರುವ ಕಾಯಿ.

ಮುದ್ದಯ್ಯ ಬದುವಿನ ಮೇಲೆ ಕೂತ. ಮಾತು ಉಳಿಸಿಕೊಂಡೆ, ಗಿಡ ಕಳೆದುಕೊಂಡೆ ಅಂದುಕೊಂಡ. ಅವಳು ಬಂದು ಕೇಳಿದರೆ ಏನು ತೋರಿಸುವುದು?

ಇದನ್ನೂ ಅವಳ ಪಕ್ಕದಲ್ಲೇ ಇಟ್ಟುಬಿಡೋಣ ಅಂತ ಒಣಗಿದ ಗಿಡ ತರಲು ಹೋದ. ಹೋಗಿ ನೋಡಿದರೆ ಗಿಡದ ಬುಡದಲ್ಲಿ ಒಂದು ಬಿಲ. ಬಿಲದ ಬಾಯಲ್ಲಿ ಒಂದು ಹೆಗ್ಗಣ. ಮುಂಗಾಲಲ್ಲಿ ಏನೋ ಗುಂಡಗಿರುವುದನ್ನು ಹಿಡಿದು ಕರಕರ ಕಡಿಯುತ್ತಿತ್ತು.

"ಏಯ್, ಏನು ತಿಂತಿದೀಯ?"

"ಏನೋ. ಚೆನ್ನಾಗೈತೆ," ಅಂದಿತು ಹೆಗ್ಗಣ.

"ಅದು ನಮ್ಮ ಹೊಲದ್ದು."

"ಹೊಲ ನಿಂದು. ಹೊಲದ ಕೆಳಗೆ ನಂದು."

"ಅವಳು ಕೀಳ್‌ಬ್ಯಾಡ ಅಂದಿದ್ಲು."

ಹೆಗ್ಗಣ ಮೀಸೆ ತಿರುವಿತು. "ಗಿಡದ ಮೇಲಿನ ಕಾಯಿ ಕೀಳ್‌ಬ್ಯಾಡ ಅಂದ್ಲು. ನೆಲ ಅಗೀಬ್ಯಾಡ ಅಂದ್ಲಾ?"

ಮುದ್ದಯ್ಯ ಯೋಚಿಸಿದ. ತುಂಬ ಹೊತ್ತು ಯೋಚಿಸಿದ.

ಅಂದಿರಲಿಲ್ಲ.

ಅವನು ಗುದ್ದಲಿ ತಂದ. ಒಂದು ಏಟು ಹಾಕಿದ. ಕಚಕ್ ಅಂತ ಏನೋ ಸೀಳಿತು. ಹೆದರಿ ಗುದ್ದಲಿ ಬಿಸಾಡಿದ. ಮಂಡಿಯೂರಿ ಕೈಯಲ್ಲೇ ಮಣ್ಣು ಬಗೆದ.

ಒಂದು ಬಂತು, ಹಳದಿ ಮೈಯದು. ಇನ್ನೊಂದು ಬಂತು, ತೆಳು ಕೆಂಪು. ಕಪ್ಪಗೆ ಇದ್ದಿಲಿನ ಹಾಗಿದ್ದದ್ದು ಒಂದು. ಕಾಲಿನ ಹೆಬ್ಬೆರಳ ಹಾಗೆ ಸೊಟ್ಟಗಿದ್ದದ್ದು ಒಂದು. ಅಂಗೈಯಲ್ಲಿ ಮುಚ್ಚಿ ಹಿಡಿಯುವಷ್ಟು ಪುಟ್ಟವು ಎಷ್ಟೋ. ಬಗೆದಷ್ಟೂ ಬಂದವು. ಬದುವಿನ ಮೇಲೆ ಇಟ್ಟ. ಇದೇನು ಅಂತ ಅರ್ಥವಾಗಲಿಲ್ಲ.

"ಕಲ್ಲಾ?" ಅಂದ.

"ಮೊಟ್ಟೆ," ಅಂದಿತು ಕಾಗೆ ಹೊಂಗೆಮರದ ಮೇಲಿಂದ.

"ಯಾರ ಮೊಟ್ಟೆ?"

"ಭೂಮಿದು. ಒಂದು ಇತ್ತ ಎಸಿ, ಒಡೆದು ನೋಡಿ ಹೇಳ್ತೀನಿ."

"ನೀನು ಸುಮ್ಕಿರು."

ಮುದ್ದಯ್ಯ ಒಂದನ್ನು ಎತ್ತಿ ಪಂಚೆಯಲ್ಲಿ ಒರೆಸಿದ. ಒರೆಸಿದ ಕಡೆ ಒಂದು ಕಣ್ಣು. ತಿರುಗಿಸಿದ. ಅಲ್ಲೂ ಒಂದು. ಮೇಲೆ ಒಂದು, ಕೆಳಗೆ ಒಂದು. ಮೈಯೆಲ್ಲ ಕಣ್ಣು. ಎಲ್ಲವೂ ಅವನನ್ನೇ ನೋಡುತ್ತಿದ್ದವು.

ಅವನಿಗೆ ಭಯವಾಯಿತು. ಹೆಗಲ ಮೇಲಿನ ವಸ್ತ್ರ ತೆಗೆದು ಅವುಗಳ ಮೇಲೆ ಹಾಕಿದ.

"ಹಾಂ, ಮುಚ್ಚು," ಅಂದವು ಗಡ್ಡೆಗಳು. "ಬೆಳಕು ಬ್ಯಾಡ. ಬೆಳಕಲ್ಲಿ ಬಿಟ್ರೆ ಗಿಡದ ಮೇಲಿದ್ದದ್ದು ನೆನಪಾಗ್ತದೆ. ಮತ್ತೆ ಹಸಿರಾಗ್ತೀವಿ. ಮತ್ತೆ ಕಹಿ ಆಗ್ತೀವಿ."

"ಯಾರು ನೀವು?"

"ಮೂಲೆ ಗಿಡದ ಕಾಯಿ."

"ಕಾಯಿ ಮೇಲಿತ್ತಲ್ಲ!"

"ಅವಳು ಬರಲಿಲ್ಲವಲ್ಲ ಮುದ್ದಯ್ಯ. ಬಂದು ನೋಡ್ತೀನಿ ಅಂದಳು, ಬರಲಿಲ್ಲ. ಗಿಡ ಕಾದೂ ಕಾದೂ, ಅವಳೇ ಬರಕ್ಕಾಗದಿದ್ರೆ ನಾವೇ ಹೋಗಿ ತೋರಿಸೋಣ ಅಂತು. ಮೇಲಿನ ನಾಲ್ಕನ್ನ ಅಲ್ಲೇ ಬಿಟ್ಟು, ಮೊಗ್ಗಲ್ಲೇ ಇದ್ದ ನಮ್ಮನ್ನ ಬಳ್ಳಿ ಕಟ್ಟಿ ಮಣ್ಣೊಳಗೆ ಇಳಿಸ್ತು. ಒಳಗೆ ಕತ್ತಲೆ. ಎತ್ತ ಹೋಗೋದು? ಅದಕ್ಕೆ ಒಂದು ಕಣ್ಣು ಕೊಡ್ತು. ಒಂದು ಸಾಲಲಿಲ್ಲ. ಮುಂದೆ ನೋಡಿದ್ರೆ ಹಿಂದೆ ತಪ್ಪಿಸಿಕೊಂಡ್ಳೇನೋ ಅನ್ನಿಸೋದು. ಅದಕ್ಕೆ ಮೈಯೆಲ್ಲ ಕಣ್ಣು ಕೊಡ್ತು. ದಾರಿ ಎಷ್ಟು ದೂರವೋ, ಬುತ್ತಿ ಬೇಕಲ್ಲ? ತನ್ನ ಮೈಯಲ್ಲಿದ್ದ ಹಿಟ್ಟನ್ನೆಲ್ಲ ನಮಗೆ ತುಂಬಿಬಿಡ್ತು. ತಾನು ಒಣಗಿಹೋಯ್ತು."

ಮುದ್ದಯ್ಯ ಇನ್ನಷ್ಟು ಬಗ್ಗಿದ.

"ಸಿಕ್ಕಳಾ?"

ಗಡ್ಡೆಗಳು ಒಂದರ ಕಣ್ಣು ಒಂದು ನೋಡಿಕೊಂಡವು.

"ಸಿಕ್ಕಳಾ ಅಂದೆ."

"ಹೊಂಗೆ ಬೇರಿನ ತನಕ ಹೋಗಿ ಬಂದೆವು," ಅಂದಿತು ಕಪ್ಪು ಗಡ್ಡೆ.

"ಹೋಗಿ?"

"ಮಣ್ಣಿತ್ತು."

"ಅವಳು?"

"ಮಣ್ಣೇ ಇತ್ತು ಮುದ್ದಯ್ಯ. ಮೆತ್ತಗಿತ್ತು. ನೀನು ನೀರು ಹಾಕಿ ಹಾಕಿ ತಂಪಾಗಿತ್ತು. ಇಷ್ಟು ಕಣ್ಣಲ್ಲಿ ನೋಡಿದೆವು. ಅದೇ ಕಂಡಿದ್ದು."

"ಬರ್ತಾಳಾ?"

ಸೊಟ್ಟ ಗಡ್ಡೆ ಮೆಲ್ಲಗೆ ಹೇಳಿತು. "ಬರೋದಾಗಿದ್ರೆ ಇಷ್ಟೊತ್ತಿಗೆ ಮೊಳಕೆ ಕಾಣಬೇಕಿತ್ತು."

ಮುದ್ದಯ್ಯ ಮಣ್ಣಿನ ಕೆಲಸದವನು. ಅದು ಅವನಿಗೆ ಗೊತ್ತಿತ್ತು. ಹರಳಿನ ದಿನ ಕಳೆದಾಗಲೇ ಗೊತ್ತಾಗಿತ್ತು. ಗೊತ್ತಿದ್ದೂ ಗೊತ್ತಿರಲಿಲ್ಲ. ಈಗ ಮಣ್ಣಿನ ಮೇಲೆ ಮಣ್ಣಿನ ಕೈ ಊರಿ ಅತ್ತ. ಅವಳು ಒರಗಿದ ಮೇಲೆ ಅವನು ಅತ್ತದ್ದು ಅದೇ ಮೊದಲು. ಗಾಳಿ ನಿಂತಿತು. ಹೊಳೆ ಕೂಡ ಒಂದು ಗಳಿಗೆ ನಿಂತಿತಂತೆ. ಕಾಗೆ ತುತ್ತು ಕೇಳಲಿಲ್ಲ.

ಸಂಜೆ ಸಾಕಮ್ಮ ಬಂದಳು. ಅವನ ಮುಖ ನೋಡಿದಳು. ಗುದ್ದಲಿಯ ಏಟಿಗೆ ಸೀಳಿದ್ದ ಗಡ್ಡೆಯನ್ನು ಎತ್ತಿ ಮೂಸಿದಳು.

"ಇದೂ ಕಹಿಯಾ? ನಂಗೆ ಇನ್ನೊಂದು ಸಲ ಹೊಟ್ಟೆನೋವು ಬ್ಯಾಡಪ್ಪ."

"ಹೆಗ್ಗಣ ತಿಂತು," ಅಂದ ಮುದ್ದಯ್ಯ.

"ಹೆಗ್ಗಣ ಸತ್ತಿತಾ?"

"ಇಲ್ಲ. ಚೆನ್ನಾಗೈತೆ ಅಂತು."

ಸಾಕಮ್ಮ ಅದನ್ನೂ ಇನ್ನೆರಡನ್ನೂ ಒಲೆಯ ಕೆಂಡದಲ್ಲಿ ಹೂತಿಟ್ಟಳು. ಸಿಪ್ಪೆ ಸುಟ್ಟು ಘಮ್ ಅಂದಿತು. ಒಂದನ್ನು ಮುರಿದು, ಊದಿ, ಬಾಯಿಗೆ ಹಾಕಿಕೊಂಡಳು. ಅಗಿದಳು. ಕಣ್ಣು ಅಗಲವಾಯಿತು.

"ಮುದ್ದಣ್ಣ, ಉಪ್ಪು ಎಲ್ಲಿಟ್ಟಿದೀಯ?"

ಮುದ್ದಯ್ಯ ಒಂದನ್ನು ಕೈಗೆ ತೆಗೆದುಕೊಂಡ. ಸುಡುತ್ತಿತ್ತು. ಮುರಿದ. ಒಳಗೆ ನೇರಳೆ. ಇನ್ನೊಂದನ್ನು ಮುರಿದ. ಒಳಗೆ ಕೆಂಪು. ಸುಡುವ ಗಡ್ಡೆ ಹಿಡಿದುಕೊಂಡೇ ಎದ್ದು ನಿಂತ. ಗುಡಿಸಲ ಬಾಗಿಲ ತನಕ ಹೋದ. ಹೊಲದ ಕಡೆ ನೋಡಿದ. ಯಾರಿಗೆ ತೋರಿಸಲು ಎದ್ದೆ ಅಂತ ಆಮೇಲೆ ತಿಳಿಯಿತು. ತಿರುಗಿ ಬಂದು ಕೂತ. ತಿಂದ. ಬಹಳ ದಿನದ ಮೇಲೆ ಬಿಸಿಬಿಸಿಯಾಗಿ ತಿಂದ.

ಉಳಿದ ಗಡ್ಡೆಗಳನ್ನು ಕತ್ತಲ ಮೂಲೆಯಲ್ಲಿ ಹುಲ್ಲು ಮುಚ್ಚಿ ಇಟ್ಟಿದ್ದ. ಮಲಗುವ ಮುಂಚೆ ಅವು ಕೇಳಿದವು.

"ಮುದ್ದಯ್ಯ, ಏನು ಮಾಡೋಣ? ಮತ್ತೆ ಕೆಳಗೆ ಹೋಗಿ ಹುಡುಕೋಣಾ?"

ಮುದ್ದಯ್ಯ ಅವುಗಳ ಮೇಲೆ ಇನ್ನಷ್ಟು ಹುಲ್ಲು ಎಳೆದ.

ಮಾರನೇ ಬೆಳಿಗ್ಗೆ ಎದ್ದ. ಮುಖ ತೊಳೆದ. ಚೂರಿ ತೆಗೆದುಕೊಂಡ. ಗಡ್ಡೆಗಳನ್ನು ತುಂಡು ಮಾಡಿದ. ಕಣ್ಣಿಲ್ಲದ ತುಂಡು ಇರಬಾರದು ಅಂತ ತುಂಡಿಗೊಂದು ಕಣ್ಣು ಉಳಿಸಿ ಕೊಯ್ದ. ಕೊಯ್ದ ಜಾಗ ನೋಯಬಾರದು ಅಂತ ಒಲೆಯ ಬೂದಿ ಸವರಿದ. ಬೀಜದ ಕೆಲಸ ಅವನು ಮುಟ್ಟಿದ್ದು ಅದೇ ಮೊದಲು.

ಹೊಲದಲ್ಲಿ ಸಾಲು ಹೊಡೆದ. ಮೊದಲ ತುಂಡು ಕೈಯಲ್ಲಿ ಹಿಡಿದು ಕೂತ. ಬಿಸಿಲು ಬದುವಿಗೆ ಬಂತು. ಅವನು ಕೂತೇ ಇದ್ದ.

"ಏನಣ್ಣ, ಬಿತ್ತೋದು ಬಿಟ್ಟು ಜಪ ಮಾಡ್ತಿದೀಯ?" ಅಂದಳು ಸಾಕಮ್ಮ ಪಕ್ಕದ ಹೊಲದಿಂದ.

"ಕಣ್ಣು ಎತ್ತ ಇಡೋದು ಸಾಕವ್ವ? ಕೆಳಕ್ಕಾ, ಮೇಲಕ್ಕಾ?"

"ನಂಗೇನೋ ಗೊತ್ತು? ಇಡೋನು ನೀನು."

ಕೆಳಗೆ ದ್ಯಾವೀರಮ್ಮ. ಮುದ್ದಯ್ಯ ತುಂಡಿನ ಕಣ್ಣು ಕೆಳಗೆ ಮಾಡಿ ಇಟ್ಟ. ಮಣ್ಣು ಎಳೆದ.

ಎಳೆದವನು ಆ ಮಣ್ಣನ್ನೇ ನೋಡುತ್ತಾ ನಿಂತ. ನೋಡಿದ, ನೋಡಿದ. ಆಮೇಲೆ ಬಗ್ಗಿ ಮಣ್ಣು ಸರಿಸಿದ. ತುಂಡನ್ನು ಹೊರಗೆ ತೆಗೆದ. ಊದಿ ಕಣ್ಣಿನ ಮಣ್ಣು ಬಿಡಿಸಿದ.

"ಹುಡುಕಿದ್ದು ಸಾಕು," ಅಂದ ಅದಕ್ಕೆ. "ಮೇಲಕ್ಕೆ ಬನ್ನಿ. ನಾನಿಲ್ಲೇ ಇರ್ತೀನಿ."

ಕಣ್ಣು ಮೇಲೆ ಮಾಡಿ ಇಟ್ಟ. ಮಣ್ಣು ಎಳೆದ. ಎರಡನೆಯದನ್ನೂ ಹಾಗೇ ಇಟ್ಟ. ಮೂರನೆಯದನ್ನೂ ಹಾಗೇ ಇಟ್ಟ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಸಾಲು ಮುಗಿದಿತ್ತು.

ಆಲೂಗಡ್ಡೆ ಅನ್ನುವ ಹೆಸರು ಎಷ್ಟೋ ಕಾಲದ ಮೇಲೆ ಬಂತು. ಆದರೆ ಮಕ್ಕಳೇ, ಅದರ ಮೈತುಂಬ ಕಣ್ಣಿರುವುದು ಆಗಿನಿಂದ. ಬಿತ್ತುವವರು ಇವತ್ತಿಗೂ ತುಂಡಿಗೊಂದು ಕಣ್ಣು ಉಳಿಸಿ, ಆ ಕಣ್ಣು ಆಕಾಶದ ಕಡೆ ಮಾಡಿಯೇ ಮಣ್ಣು ಎಳೆಯುವುದು.